ಮೂರರಿಂದ ಆರು ವರ್ಷದ ಮಕ್ಕಳ ಟೀಚರಿಗೂ ರಾಷ್ಟ್ರಪ್ರಶಸ್ತಿಯ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರಿಗೆ,

ಬದಿಯಡ್ಕದ ಪೆರಡಾಲದಲ್ಲಿರುವ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಕಯ್ಯಾರ ಕಿಞ್ಞಣ್ಣ ರೈಯವರಿಗೆ 1969ರಲ್ಲಿ ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ ಬಂದದ್ದನ್ನು ಕಾಸರಗೋಡಿನ ಕನ್ನಡಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಅದೇ ಬದಿಯಡ್ಕದ ಸುತ್ತಮುತ್ತ ಇವತ್ತು ಮೂರು ನಾಲ್ಕು ವರ್ಷದ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಮಾತು, ಹಾಡು, ಎಣಿಕೆ ಕಲಿಸುತ್ತಿರುವ ಅಂಗನವಾಡಿ ಟೀಚರ್ ಎಷ್ಟೇ ಒಳ್ಳೆಯ ಕೆಲಸ ಮಾಡಲಿ, ಆ ಪ್ರಶಸ್ತಿಗೆ ಅರ್ಜಿಯನ್ನೇ ಹಾಕುವಂತಿಲ್ಲ. ಶಾಲೆಗೆ ಹೊಂದಿಕೊಂಡ ಎಲ್‌ಕೆಜಿ, ಯುಕೆಜಿಯಲ್ಲಿ ಪಿಟಿಎ (ಶಿಕ್ಷಕ ರಕ್ಷಕ ಸಂಘ) ನೇಮಿಸಿದ ಟೀಚರಿಗೂ ಅದೇ ಗತಿ. ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಅಧಿಕಾರಿಗಳ ಮುಂದೆ ಇಡಲು ಈ ಪತ್ರ.

ಶಿಕ್ಷಕರ ರಾಷ್ಟ್ರಪ್ರಶಸ್ತಿ ಶುರುವಾದದ್ದು 1958ರಲ್ಲಿ. 2018ರಲ್ಲಿ ನಿಯಮ ಬದಲಾಗಿ, ಶಿಕ್ಷಕರು ತಾವೇ ಆನ್‌ಲೈನಿನಲ್ಲಿ ಹೆಸರು ಸೂಚಿಸಿಕೊಳ್ಳುವ ಕ್ರಮ ಬಂತು. ಅರ್ಜಿ ಮೊದಲು ಜಿಲ್ಲಾ ಸಮಿತಿಗೆ, ಅಲ್ಲಿಂದ ರಾಜ್ಯ ಸಮಿತಿಗೆ, ಕೊನೆಗೆ ರಾಷ್ಟ್ರೀಯ ತೀರ್ಪುಗಾರರ ಮುಂದೆ ಹೋಗುತ್ತದೆ. ಆಯ್ಕೆಯಾದವರಿಗೆ ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ. ಇದೆಲ್ಲ ಚೆನ್ನಾಗಿಯೇ ಇದೆ. ಆದರೆ ಅರ್ಹತೆಯ ಕಲಂ ನೋಡಿ: ಮಾನ್ಯತೆ ಪಡೆದ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ, ಹಿರಿಯ ಪ್ರೌಢ ಶಾಲೆಗಳ ಖಾಯಂ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರು ಮಾತ್ರ; ಗುತ್ತಿಗೆಯವರಿಗೆ ಇಲ್ಲ. ಒಂದನೇ ತರಗತಿಗಿಂತ ಕೆಳಗಿನ ಮಕ್ಕಳ ಜೊತೆ ದಿನ ಕಳೆಯುವವರು ಹೆಚ್ಚುಕಡಿಮೆ ಎಲ್ಲರೂ ಈ ಒಂದು ಸಾಲಿನಲ್ಲೇ ಹೊರಗುಳಿಯುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತ ಎಂದು ಹೇಳಿದೆ. ಆ ಹಂತಕ್ಕೆಂದೇ 2022ರ ಅಕ್ಟೋಬರಿನಲ್ಲಿ ಪಠ್ಯಕ್ರಮದ ಚೌಕಟ್ಟು ಬಂತು. ಈ ಐದು ವರ್ಷಗಳ ಪೈಕಿ ಕೊನೆಯ ಎರಡು ವರ್ಷ, ಅಂದರೆ ಒಂದನೇ ಮತ್ತು ಎರಡನೇ ತರಗತಿಯ ಟೀಚರಿಗೆ ರಾಷ್ಟ್ರಪ್ರಶಸ್ತಿಯ ದಾರಿ ಇದೆ. ಮೊದಲ ಮೂರು ವರ್ಷದ ಟೀಚರಿಗೆ ಇಲ್ಲ. ನೀತಿಯಲ್ಲಿ ಒಂದೇ ಎಂದದ್ದನ್ನು ಪ್ರಶಸ್ತಿಯಲ್ಲಿ ಎರಡು ಮಾಡಿದ್ದಕ್ಕೆ ಕಾರಣ ಕಾಣುವುದಿಲ್ಲ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೂ ಹೆಲ್ಪರುಗಳಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ತೀರ್ಪು ಕೊಡುವಾಗ, ಅಲ್ಲಿ ನಡೆಯುವುದು ಶಿಕ್ಷಣದ ಕೆಲಸವೂ ಹೌದು ಎಂದು ಶಾಲಾಪೂರ್ವ ಶಿಕ್ಷಣದ ಬಗೆಗಿನ, ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮನ್ನು ಮುಂದಿಟ್ಟೇ ಹೇಳಿದೆ. ನ್ಯಾಯಾಲಯ ಒಪ್ಪಿದ್ದನ್ನು ಪ್ರಶಸ್ತಿಯ ನಿಯಮ ಒಪ್ಪಬಾರದೇಕೆ?

ನಿಯಮ ಬದಲಿಸುವುದು ಕಷ್ಟ ಎನ್ನುವವರಿಗೆ ಒಂದು ಮಾತು. 2023ರಲ್ಲಿ ಇದೇ ಪ್ರಶಸ್ತಿಯನ್ನು ಕಾಲೇಜು ಮತ್ತು ಪಾಲಿಟೆಕ್ನಿಕ್ ಅಧ್ಯಾಪಕರಿಗೂ ಕೌಶಲ ತರಬೇತಿಯವರಿಗೂ ವಿಸ್ತರಿಸಿದರು. ಆ ವರ್ಷದ 75 ಮಂದಿಯಲ್ಲಿ 50 ಮಂದಿ ಶಾಲೆಯವರು, 13 ಮಂದಿ ಉನ್ನತ ಶಿಕ್ಷಣದವರು, 12 ಮಂದಿ ಕೌಶಲ ಇಲಾಖೆಯವರು. ಮೇಲಕ್ಕೆ ಚಾಚಿದ ಕೈಯನ್ನು ಕೆಳಕ್ಕೂ ಚಾಚಬಹುದು. ಕೆನಡಾದಲ್ಲಿ ಪ್ರಧಾನಿಯ ಹೆಸರಿನಲ್ಲಿ ಕೊಡುವ ಶಿಕ್ಷಕ ಪ್ರಶಸ್ತಿಗಳಲ್ಲಿ ಶಿಶುಶಿಕ್ಷಣದವರಿಗೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮಲ್ಲಿಯೂ ಈ ಕ್ಷೇತ್ರವನ್ನು ದೇಶ ಗೌರವಿಸದೆ ಇದ್ದದ್ದಲ್ಲ. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳ ಆದಿವಾಸಿ ಮಕ್ಕಳ ಮನೆಯಂಗಳಕ್ಕೇ ಬಾಲವಾಡಿಯನ್ನು ಕೊಂಡುಹೋದ ತಾರಾಬಾಯಿ ಮೋಡಕರಿಗೆ 1962ರಲ್ಲಿ ಪದ್ಮಭೂಷಣ, ಅವರ ಜೊತೆಗಾರ್ತಿ ಅನುತಾಯಿ ವಾಘರಿಗೆ 1985ರಲ್ಲಿ ಪದ್ಮಶ್ರೀ ಸಂದಿವೆ. ಅಂಗನವಾಡಿ ಎಂಬ ಹೆಸರಿನ ಹಿಂದೆ ಇರುವುದು ಆ ಅಂಗಳವೇ.

ಅಂಗನವಾಡಿಯವರಿಗೆ ಬೇರೆ ಪ್ರಶಸ್ತಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 2000-01ರಲ್ಲಿ ಅದನ್ನು ಶುರುಮಾಡಿತು. ರಾಷ್ಟ್ರ ಮತ್ತು ರಾಜ್ಯ ಎಂಬ ಎರಡು ಮಟ್ಟದಲ್ಲಿ ನಗದು ಮತ್ತು ಪ್ರಶಸ್ತಿಪತ್ರ ಕೊಡುತ್ತಾರೆ. ಅದು ಬೇಕು, ಮುಂದುವರಿಯಬೇಕು. ಆದರೆ 1975ರ ಅಕ್ಟೋಬರ್ 2ರಂದು ಆರಂಭವಾದ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯಲ್ಲಿ ಇರುವುದು ಆರು ಸೇವೆ: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೋಷಣೆ ಮತ್ತು ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು. ಪಾಠ ಇದರಲ್ಲಿ ಒಂದು ಮಾತ್ರ. ಉಳಿದವುಗಳನ್ನು ಅಂಕೆಯಲ್ಲಿ ಬರೆಯಬಹುದು. ಎಷ್ಟು ಮಕ್ಕಳಿಗೆ ಊಟ, ಎಷ್ಟು ಮಂದಿಗೆ ಚುಚ್ಚುಮದ್ದು ಎಂದು ಮೊಬೈಲಿನಲ್ಲೇ ಕಾಣುತ್ತದೆ. ಒಂದು ಮಗು ಈ ವರ್ಷ ಹೊಸದಾಗಿ ವಾಕ್ಯ ಕಟ್ಟಲು ಕಲಿತದ್ದು ಆ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಪ್ರಶಸ್ತಿಯ ಕಡತ ಸೂಪರ್‌ವೈಸರಿಂದ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ), ಅಲ್ಲಿಂದ ಜಿಲ್ಲೆಗೆ, ತಿರುವನಂತಪುರಕ್ಕೆ ಏರುತ್ತಾ ಹೋದಂತೆ ಪಾಠದ ಭಾಗ ತೆಳುವಾಗಿ, ರಿಜಿಸ್ಟರಿನ ಭಾಗ ದಪ್ಪವಾಗುತ್ತದೆ. ಕೇರಳ ಒಂದರಲ್ಲೇ 33,115 ಅಂಗನವಾಡಿಗಳಿವೆ. ಅಷ್ಟರಲ್ಲಿ ಯಾರು ಮಕ್ಕಳಿಗೆ ನಿಜವಾಗಿ ಚೆನ್ನಾಗಿ ಕಲಿಸುತ್ತಾರೆ ಎಂದು ಕಡತ ನೋಡಿ ಹೇಳಲು ಆಗುವುದಿಲ್ಲ.

ಹಾಗಾದರೆ ಹೇಗೆ ನೋಡಬೇಕು? ಬೆಳಗ್ಗೆ 9.30ಕ್ಕೆ ಬಂದು ಮಧ್ಯಾಹ್ನದ ಊಟದವರೆಗೆ ಮಕ್ಕಳ ಮಟ್ಟದಲ್ಲಿ ನೆಲದ ಮೇಲೆ ಕುಳಿತು ನೋಡಬೇಕು. ಅದೂ ಎರಡು ಬಾರಿ: ಒಮ್ಮೆ ತಿಳಿಸಿ, ಒಮ್ಮೆ ತಿಳಿಸದೆ. ತಿಳಿಸಿ ಬಂದ ದಿನ ಮಕ್ಕಳು ಬಣ್ಣದ ಅಂಗಿ ಹಾಕಿ, ಬಾಯಿಪಾಠ ಮಾಡಿದ ಹಾಡು ಹೇಳುತ್ತಾರೆ. ಟೀಚರಿನ ಸಿದ್ಧತೆ ಅಲ್ಲಿ ಕಾಣುತ್ತದೆ. ತಿಳಿಸದೆ ಬಂದ ದಿನ ಅವರ ಅಭ್ಯಾಸ ಕಾಣುತ್ತದೆ.

ಒಂದು ಚಿತ್ರದ ಉದಾಹರಣೆ ತೆಗೆದುಕೊಳ್ಳೋಣ. ಒಲೆಯ ಪಕ್ಕ ಮಲಗಿದ ಬೆಕ್ಕಿನ ಚಿತ್ರವನ್ನು ಟೀಚರ್ ಎತ್ತಿ ಹಿಡಿಯುತ್ತಾರೆ. ನಮ್ಮ ಗಡಿನಾಡಿನ ಒಂದೇ ಚಾಪೆಯಲ್ಲಿ ಒಂದು ಮಗು ‘ಪುಚ್ಚೆ’ ಎನ್ನುತ್ತದೆ, ಇನ್ನೊಂದು ‘ಪೂಚ್ಚ’, ಮತ್ತೊಂದು ‘ಮಾಜರ’, ಮಗದೊಂದು ‘ಬೆಕ್ಕು’. ತುಳು, ಮಲಯಾಳ, ಕೊಂಕಣಿ, ಕನ್ನಡ ನಾಲ್ಕೂ ಸರಿಯಾದ ಉತ್ತರ. ಕಲಿತ ಟೀಚರ್ ಹೇಳುವುದು ಹೀಗೆ: “ಹೌದು, ಪುಚ್ಚೆ. ಕನ್ನಡದಲ್ಲಿ ಬೆಕ್ಕು ಅಂತ ಹೇಳ್ತೇವೆ. ಬೆಕ್ಕು ಎಲ್ಲಿ ಮಲಗಿದೆ?” ಕೇಳಿದ ಮೇಲೆ ಮೂರರಿಂದ ಐದು ಸೆಕೆಂಡು ಸುಮ್ಮನೆ ಕಾಯುತ್ತಾರೆ. ಮಗು ಯೋಚಿಸಿ “ದಿಕ್ಕೆಲ್‌ದ ಕೈತಲ್” ಎನ್ನುತ್ತದೆ. “ಒಲೆಯ ಹತ್ತಿರ, ಅಲ್ವಾ? ಅಲ್ಲಿ ಯಾಕೆ ಮಲಗಿದ್ದು?” ಎಂದು ಟೀಚರ್ ಮಾತನ್ನು ಮುಂದಕ್ಕೆ ಒಯ್ಯುತ್ತಾರೆ. ಇಷ್ಟರಲ್ಲೇ ಭಾಷೆಯ ಪಾಠ ಪೂರ್ತಿ ಇದೆ: ಮನೆಮಾತಿಗೆ ಒಪ್ಪಿಗೆ, ಹೊಸ ಶಬ್ದ, ಜಾಗ ಹೇಳುವ ಮಾತು, ಕಾರಣ ಕೇಳುವ ಪ್ರಶ್ನೆ. ಇದೇ ಕಡೆ ತುಳು ಬಾರದ, ಕನ್ನಡವೂ ಬಾರದ ಮೌಲ್ಯಮಾಪಕರು ಕುಳಿತಿದ್ದರೆ ಅವರ ಹಾಳೆಯಲ್ಲಿ ಬೀಳುವುದು ‘ಮಗು ಸರಿಯಾಗಿ ಉತ್ತರಿಸಲಿಲ್ಲ’ ಎಂಬ ಸಾಲು. ಟೀಚರಿನ ಅತ್ಯುತ್ತಮ ಐದು ನಿಮಿಷ ಅವರ ಕಣ್ಣೆದುರೇ ಕಳೆದುಹೋಗುತ್ತದೆ.

ಹಾಗೆ ಕುಳಿತವರು ಎಣಿಸಬಹುದಾದ ಸಂಗತಿಗಳೂ ಇವೆ. ಹತ್ತು ನಿಮಿಷದಲ್ಲಿ ‘ಇದೇನು’ ಎನ್ನುವ ಒಂದೇ ಉತ್ತರದ ಪ್ರಶ್ನೆ ಎಷ್ಟು, ‘ಯಾಕೆ’, ‘ಆಮೇಲೆ ಏನಾಯ್ತು’ ಎನ್ನುವ ಪ್ರಶ್ನೆ ಎಷ್ಟು? ಮಾತು ಶುರುಮಾಡಿದವರು ಯಾರು, ಟೀಚರೋ ಮಗುವೋ? ಎಲ್ಲರೂ ಒಟ್ಟಿಗೆ ಕೂಗಿ ಹೇಳುವ ಹೊತ್ತು ಎಷ್ಟು, ಒಂದೊಂದೇ ಮಗು ಮಾತಾಡುವ ಹೊತ್ತು ಎಷ್ಟು? ಹಿಂದಿನ ಸಾಲಿನ ಮಾತಾಡದ ಮಗುವಿನ ಹತ್ತಿರ ಟೀಚರ್ ಎಷ್ಟು ಸಲ ಹೋದರು? ಒಂದು ಪೆನ್ಸಿಲು, ಒಂದು ಗಡಿಯಾರ ಇದ್ದರೆ ಸಾಕು, ಇದಕ್ಕೆ ಆ್ಯಪ್ ಬೇಡ.

ಬರವಣಿಗೆಯ ವಿಷಯದಲ್ಲಿ ಮೌಲ್ಯಮಾಪಕರು ಎಡವುವುದು ಹೆಚ್ಚು. ಮೂರು ವರ್ಷದ ಮಗುವಿನ ಕಾಪಿ ಪುಸ್ತಕದಲ್ಲಿ ಅ, ಆ, ಇ, ಈ ಪುಟಗಟ್ಟಲೆ ತುಂಬಿದ್ದರೆ ಒಳ್ಳೆಯ ಅಂಕ ಬೀಳುತ್ತದೆ. ಆ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಗೀಚುತ್ತದೆ, ಬೇಗ ಸುಸ್ತಾಗುತ್ತದೆ, ಬರೆಯುವುದೆಂದರೆ ಬೇಸರ ಹುಟ್ಟುತ್ತದೆ. ಆ ಕೈಗೆ ಬೇಕಾದದ್ದು ಮಣ್ಣು ನಾದುವುದು, ಕಾಗದ ಹರಿಯುವುದು, ದಾರಕ್ಕೆ ಮಣಿ ಪೋಣಿಸುವುದು, ಮರಳಿನಲ್ಲಿ ಬೆರಳಾಡಿಸುವುದು, ಅಂಗಿಯ ಗುಬ್ಬಿ (ಗುಂಡಿ) ತಾನೇ ಹಾಕಿಕೊಳ್ಳುವುದು. ಹೆತ್ತವರು ‘ಇನ್ನೂ ಬರೆಯಲು ಕಲಿಸಿಲ್ಲವೇ’ ಎಂದು ಕೇಳುವುದು ಎಲ್ಲ ಊರಿನಲ್ಲೂ ಇದೆ. ಅವರನ್ನು ಕೂರಿಸಿ, ಇದು ಯಾಕೆ ಹೀಗೆ ಎಂದು ತಿಳಿಸಿ ಹೇಳುವ ಟೀಚರೇ ಪ್ರಶಸ್ತಿಗೆ ಅರ್ಹರು. ಕಾಪಿ ಪುಸ್ತಕದ ದಪ್ಪಕ್ಕೆ ಅಂಕ ಕೊಡುವವರೆಗೆ ಅಂಥವರು ಹಿಂದೆ ಬೀಳುತ್ತಾರೆ.

ಆಟದ ಸಾಮಾನಿನಲ್ಲೂ ಇದೇ ಕತೆ. ಪೇಟೆಯ ಪ್ಲಾಸ್ಟಿಕ್ ಆಟಿಕೆ ಕಪಾಟಿನಲ್ಲಿ ಮಿರಮಿರ ಮಿಂಚುತ್ತಿದ್ದರೆ, ಹಾಳಾಗದಂತೆ ಬೀಗ ಹಾಕಿ ಇಟ್ಟಿದ್ದಾರೆ ಎಂದರ್ಥ. ಅಡಿಕೆ ಹಾಳೆ, ಸಣ್ಣದರಿಂದ ದೊಡ್ಡದರವರೆಗೆ ಐದು ಅಳತೆಯ ತೆಂಗಿನ ಚಿಪ್ಪು, ಹುಣಸೆ ಬೀಜ, ಗೇರುಬೀಜ, ನದಿಯ ಕಲ್ಲು ಇವು ಮಕ್ಕಳ ಕೈಗೆ ಎಟಕುವಲ್ಲಿ ಇದ್ದರೆ ಅಲ್ಲಿ ಗಣಿತ ನಡೆಯುತ್ತಿದೆ. ಆದರೆ ಎಚ್ಚರವೂ ಬೇಕು. ಹುಣಸೆ ಬೀಜದಂಥ ಸಣ್ಣ ವಸ್ತು ಮೂರು ವರ್ಷದೊಳಗಿನ ಮಕ್ಕಳು ಬಂದುಹೋಗುವ ಜಾಗದಲ್ಲಿ ಬಿಟ್ಟಿರಬಾರದು, ಗಂಟಲಿಗೋ ಮೂಗಿಗೋ ಹೋಗುತ್ತದೆ. ಗೇರುಬೀಜದ ಹಸಿ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಆದ್ದರಿಂದ ಚೆನ್ನಾಗಿ ಒಣಗಿದ, ಒಡೆಯದ ಬೀಜವೇ ಆಗಬೇಕು, ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಕೆಂಪು ಕಪ್ಪು ಬಣ್ಣದ ಗುಲಗಂಜಿಯಂತೂ ಎಣಿಕೆಯ ತಟ್ಟೆಯಲ್ಲಿ ಇರಲೇಬಾರದು. ಜಗಿದರೆ ಅದು ವಿಷ. ಮೌಲ್ಯಮಾಪಕರು ಇಂಥದ್ದನ್ನು ಗುರುತಿಸಿ ಅಂಕ ಕೊಡುವಷ್ಟು, ಕಡಿಮೆ ಮಾಡುವಷ್ಟು ತಿಳಿದವರಾಗಿರಬೇಕು.

ರಿಜಿಸ್ಟರ್ ನೋಡಬೇಡಿ ಎಂದು ಹೇಳುತ್ತಿಲ್ಲ, ಸರಿಯಾಗಿ ನೋಡಿ ಎನ್ನುತ್ತಿದ್ದೇವೆ. ತೂಕದ ಪಟ್ಟಿಯಲ್ಲಿ ಅಂಕೆಗಳೆಲ್ಲ ಸೊನ್ನೆಯಲ್ಲಿ ಅಥವಾ ಐದರಲ್ಲಿ ಮುಗಿದಿದ್ದರೆ ತೂಗಿ ಬರೆದದ್ದಲ್ಲ, ಅಂದಾಜಿನಲ್ಲಿ ಬರೆದದ್ದು ಎಂಬ ಸಂಶಯ ಬರಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಉದ್ದ ಅಳೆಯಬೇಕು. ನಿಲ್ಲಿಸಿ ಅಳೆದರೆ 0.7 ಸೆಂ.ಮೀ.ಯಷ್ಟು ಕಡಿಮೆ ಬರುತ್ತದೆ, ಆ ವ್ಯತ್ಯಾಸದಲ್ಲೇ ಮಗು ‘ಕುಂಠಿತ’ದ (ವಯಸ್ಸಿಗೆ ತಕ್ಕ ಎತ್ತರ ಇಲ್ಲದವರ) ಪಟ್ಟಿಗೆ ಸೇರಿಹೋಗಬಹುದು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕೆಳಗೆ (ತೀವ್ರ ಅಪೌಷ್ಟಿಕತೆಯ ಗುರುತು) ಕಂಡ ದಿನವೇ ಆಸ್ಪತ್ರೆಗೆ ಕಳುಹಿಸಿದ್ದಾರೆಯೇ, ಮತ್ತೆ ಯಾವಾಗ ಅಳೆದರು ಎಂದು ತಾರೀಕು ಹುಡುಕಬೇಕು. ಕಡಿಮೆ ತೂಕದ ಮಕ್ಕಳು ಒಬ್ಬರೂ ಇಲ್ಲದ ರಿಜಿಸ್ಟರಿಗಿಂತ, ನಾಲ್ಕು ಮಕ್ಕಳನ್ನು ಗುರುತಿಸಿ ಆರು ತಿಂಗಳು ಬೆನ್ನುಹತ್ತಿದ ರಿಜಿಸ್ಟರು ಮೇಲು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳಲ್ಲಿ ನಡೆಯಲಾಗದ, ಮಾತು ತಡವಾದ ಮಗುವನ್ನೂ ಜೊತೆಯಲ್ಲಿ ಕೂರಿಸಿ, ಅದಕ್ಕೆ ತಕ್ಕ ಆಟ ಕಟ್ಟುವ ಟೀಚರಿನ ಶ್ರಮ ಸಂಖ್ಯೆಯ ಯಾವ ಕಾಲಮಿನಲ್ಲೂ ಬರುವುದಿಲ್ಲ. ಅದಕ್ಕೆ ಅರ್ಜಿಯಲ್ಲಿ ಬೇರೆ ಜಾಗ ಇರಬೇಕು.

ಇನ್ನು ಕಡತ ಸಿದ್ಧಮಾಡುವ ಟೀಚರುಗಳಿಗೆ. ಹೆಚ್ಚಿನ ಕಡತಗಳು ಸೋಲುವುದು ಫೋಟೋಗಳಿಂದ. ಉದ್ಘಾಟನೆ, ಶಾಲು, ಪ್ರವೇಶೋತ್ಸವ, ಪತ್ರಿಕೆಯ ತುಣುಕು ಐವತ್ತು ಪುಟ. ಮಗುವಿನದ್ದು ಒಂದು ಪುಟವೂ ಇಲ್ಲ. ಇದರ ಬದಲು ಮೂರು ಮಕ್ಕಳನ್ನು ಆರಿಸಿಕೊಳ್ಳಿ: ಬೇಗ ಕಲಿಯುವ ಒಂದು, ನಿಧಾನದ ಒಂದು, ಮನೆಮಾತು ಬೇರೆಯಾದ ಒಂದು. ಜೂನ್, ಅಕ್ಟೋಬರ್, ಫೆಬ್ರವರಿಯಲ್ಲಿ ಅದೇ ಮಗು ಬಿಡಿಸಿದ ‘ನನ್ನ ಮನೆ’ ಚಿತ್ರ ಇಡಿ. ಹಿಂಬದಿಯಲ್ಲಿ ತಾರೀಕು ಹಾಕಿ, ಚಿತ್ರದ ಬಗ್ಗೆ ಮಗು ಹೇಳಿದ ಮಾತನ್ನು ಅದರ ಭಾಷೆಯಲ್ಲೇ ಬರೆಯಿರಿ, ತಿದ್ದಬೇಡಿ. ಚಿತ್ರವನ್ನೂ ತಿದ್ದಬೇಡಿ, ದೊಡ್ಡವರ ಕೈ ತಾಗಿದ ಗೆರೆ ಎದ್ದು ಕಾಣುತ್ತದೆ, ಕಡತದ ಮೇಲಿನ ನಂಬಿಕೆಯೇ ಹೋಗುತ್ತದೆ. ಹೆಸರು, ಚಿತ್ರ, ಫೋಟೋ ಬಳಸಲು ಹೆತ್ತವರ ಸಹಿ ತೆಗೆದುಕೊಳ್ಳಿ.

ಟಿಪ್ಪಣಿ ಬರೆಯುವುದನ್ನು ರೂಢಿಸಿಕೊಳ್ಳಬೇಕು. ‘ಚುರುಕಾದ ಮಗು, ಎಲ್ಲದರಲ್ಲೂ ಭಾಗವಹಿಸುತ್ತದೆ’ ಎಂಬುದು ಟಿಪ್ಪಣಿಯಲ್ಲ. ‘ಐದು ಚಿಪ್ಪುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಡಲು ಹೊರಟ. ಮೂರನೆಯದರಲ್ಲಿ ತಡವರಿಸಿ, ಎರಡನ್ನು ಒಂದರೊಳಗೆ ಒಂದು ಇಟ್ಟು ನೋಡಿ, ತಾನೇ ಸರಿಮಾಡಿದ’ ಎಂಬುದು ಟಿಪ್ಪಣಿ. ಕಂಡದ್ದು, ಕೇಳಿದ್ದು ಮಾತ್ರ, ಹೊಗಳಿಕೆ ಬೇಡ. ದಿನಕ್ಕೆ ಎರಡು ಮಕ್ಕಳ ಬಗ್ಗೆ ಮೂರು ಮೂರು ಸಾಲು ಬರೆದರೆ ಇಪ್ಪತ್ತು ಮಕ್ಕಳ ಸರದಿ ಹತ್ತು ದಿನದಲ್ಲಿ ಒಂದು ಸುತ್ತು ಬರುತ್ತದೆ. ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿಗೆ ಪರೀಕ್ಷೆ ಸಲ್ಲದು, ನೋಡಿ ಬರೆಯುವುದೇ ಕ್ರಮ ಎಂದಿದೆ. ಒಂದು ಸೋತ ಪ್ರಯತ್ನವನ್ನೂ ಸೇರಿಸಿ: ಯಾವ ಚಟುವಟಿಕೆ ಕೆಲಸ ಮಾಡಲಿಲ್ಲ, ಯಾಕೆ, ಮರುದಿನ ಏನು ಬದಲಿಸಿದಿರಿ. ಓದುವವರಿಗೆ ಟೀಚರ್ ಯೋಚಿಸುವ ಬಗೆ ಸಿಗುವುದು ಅಲ್ಲಿಯೇ.

ಹೆಲ್ಪರಿನ ಹೆಸರು ಮರೆಯಬಾರದು. ಟೀಚರ್ ಕತೆ ಹೇಳುವಾಗ ಅಳುವ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಒಲೆಯ ಮೇಲಿನ ಗಂಜಿ ನೋಡುವವರು ಅವರು. 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರರೊಳಗಿನ 10 ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು ಎನ್ನುತ್ತದೆ. ಆ ಲೆಕ್ಕ ಹೊಂದುವುದು ಹೆಲ್ಪರಿನಿಂದ. ಪ್ರಶಸ್ತಿಪತ್ರದಲ್ಲಿ ಇಬ್ಬರ ಹೆಸರೂ ಬರಲಿ, ಹಣವೂ ಹಂಚಿ ಬರಲಿ.

ಭಾಷೆಯ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ಅದೇ ವರ್ಷ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯೂ ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವುದನ್ನು ಒಪ್ಪಿದೆ. ಆದ್ದರಿಂದ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಪ್ರಶಸ್ತಿಯ ಅರ್ಜಿ ಕನ್ನಡದಲ್ಲಿ ಸಿಗಬೇಕು, ಹೆತ್ತವರ ಬೆಂಬಲದ ಪತ್ರವನ್ನು ಕನ್ನಡದಲ್ಲೇ ಸ್ವೀಕರಿಸಬೇಕು, ಮಕ್ಕಳ ಮಾತಿನ ಟಿಪ್ಪಣಿಗೆ ಅನುವಾದ ಕೇಳಬಾರದು. ಅದಕ್ಕಿಂತ ಮುಖ್ಯವಾಗಿ, ಮಗುವಿನ ಮನೆಮಾತನ್ನು ಅರಿತು ಅದರಲ್ಲೇ ಮಾತಾಡುವುದಕ್ಕೆ ಅಂಕದಲ್ಲಿ ಪಾಲು ಇರಬೇಕು. ಕನ್ನಡ ಪ್ರದೇಶದ ಕೇಂದ್ರಕ್ಕೆ ಕನ್ನಡ ಅರಿಯದವರನ್ನು ನೇಮಿಸಿದರೆ ಆಗುವ ನಷ್ಟ ಇಲ್ಲಿನವರಿಗೆ ಗೊತ್ತು: ಮೂರು ವರ್ಷದ ಮಗು ದಿನವಿಡೀ ಸುಮ್ಮನೆ ಕೂರುತ್ತದೆ, ಮನೆಯವರು ‘ಅದಕ್ಕೆ ಅಲ್ಲಿ ಆಗುವುದಿಲ್ಲ’ ಎಂದು ಕಳುಹಿಸುವುದನ್ನೇ ನಿಲ್ಲಿಸುತ್ತಾರೆ, ಕೆಲವೇ ವರ್ಷದಲ್ಲಿ ಪಕ್ಕದ ಕನ್ನಡ ಶಾಲೆಯ ಒಂದನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ತಲಪಾಡಿಯಿಂದ ಚಂದ್ರಗಿರಿಯವರೆಗಿನ ಕನ್ನಡ ಶಾಲೆಗಳು ಉಳಿಯಬೇಕೆಂದು ಬಯಸುವವರು ಮೊದಲು ನೋಡಬೇಕಾದದ್ದು ಈ ಅಂಗನವಾಡಿಗಳನ್ನು.

ಪ್ರಶಸ್ತಿಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದೂ ನಿಜ. ಕೇಂದ್ರದ ಪಾಲಿನ ಗೌರವಧನ 2018ರ ಅಕ್ಟೋಬರಿನಲ್ಲಿ ಕಾರ್ಯಕರ್ತೆಗೆ 4,500, ಹೆಲ್ಪರಿಗೆ 2,250 ರೂಪಾಯಿಗೆ ಏರಿತು. ರಾಜ್ಯ ಅದಕ್ಕೆ ತನ್ನದನ್ನು ಸೇರಿಸುತ್ತದೆ. ಆ ಹೋರಾಟ ಬೇರೆಯೇ ನಡೆಯಲಿ. ಪ್ರಶಸ್ತಿ ಕೊಟ್ಟು ಗೌರವಧನದ ಪ್ರಶ್ನೆಯನ್ನು ಮುಚ್ಚಬಾರದು, ಗೌರವಧನ ಸಾಲದೆಂದು ಪ್ರಶಸ್ತಿಯನ್ನು ತಳ್ಳಿಹಾಕಲೂಬಾರದು.

ಕೇಂದ್ರ ಶಿಕ್ಷಣ ಇಲಾಖೆ ಅರ್ಹತೆಯ ಕಲಮಿಗೆ ‘ಅಂಗನವಾಡಿ ಮತ್ತು ಪೂರ್ವ ಪ್ರಾಥಮಿಕ ಶಿಕ್ಷಕಿಯರು, ನೇಮಕಾತಿಯ ಬಗೆ ಯಾವುದೇ ಇರಲಿ’ ಎಂಬ ಒಂದು ಸಾಲನ್ನು ಸೇರಿಸುವಂತೆ ನಮ್ಮ ಸಂಸದರು ಒತ್ತಾಯಿಸಲಿ. ಅಷ್ಟರವರೆಗೆ ಕಾಯದೆ ಜಿಲ್ಲಾ ಮಟ್ಟದಲ್ಲಿ ಈಗಲೇ ಮಾಡಬಹುದಾದದ್ದೂ ಇದೆ. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ನಿವೃತ್ತ ಪ್ರಾಥಮಿಕ ಶಿಕ್ಷಕಿಯರು ಪ್ರತಿ ಪಂಚಾಯತಿನಲ್ಲೂ ಸಿಗುತ್ತಾರೆ. ಅವರಲ್ಲಿ ಹತ್ತು ಹದಿನೈದು ಮಂದಿಗೆ ಎರಡು ದಿನದ ತರಬೇತಿ ಕೊಟ್ಟು, ರಾಜ್ಯ ಪ್ರಶಸ್ತಿಗೆ ಹೆಸರು ಕಳುಹಿಸುವ ಮೊದಲು ಒಂದೊಂದು ಕೇಂದ್ರದಲ್ಲಿ ಎರಡು ಬೆಳಗ್ಗೆ ಕೂರಿಸಬೇಕೆಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇವೆ. ಅವರು ಬರುವ ದಿನ ಬ್ಯಾನರು, ಹೂಗುಚ್ಛ ಬೇಡ. ಮಕ್ಕಳ ಗಂಜಿಯ ಹೊತ್ತು ತಪ್ಪಿಸುವುದೂ ಬೇಡ.

ಇತಿ,
ಪೂರ್ವ ಪ್ರಾಥಮಿಕ ಶಿಕ್ಷಣದಲ್ಲಿ ಕೆಲಸ ಮಾಡುತ್ತಿರುವ ಕೆಲವರು,
ಬದಿಯಡ್ಕ, ಕಾಸರಗೋಡು ಜಿಲ್ಲೆ